ಅಕ್ಸಿಲ್‌ಗೆ ಕಳಿಸಿದ ನೀರು

ವಲಾತಾ,
ಶಾಬಾನ್ ತಿಂಗಳ ಹತ್ತು, ಹಿಜರಿ 761

ಪ್ರೀತಿಯ ತಂಗಿ ತಿಜಿರಿಗೆ ಅಣ್ಣ ಯದ್ದರ್‌ನ ಸಲಾಮು.

ನಾನು ಕ್ಷೇಮ ಎಂದು ಬರೆಯಲು ನಾಚಿಕೆಯಾಗುತ್ತದೆ. ನಿನ್ನ ಪತ್ರ ಬಂದು ಐದು ತಿಂಗಳಾಯಿತು. ನಿಮ್ಮ ಸಿಜಿಲ್ಮಾಸಾ ಕಡೆಗೆ ಎರಡು ಒಂಟೆ ತಂಡ ಹೊರಟವು. ಎರಡು ಸಲವೂ ಏನೋ ನೆಪ ಹುಡುಕಿ ಬರೆಯದೆ ಕೂತೆ. ಬಯ್ಯಬೇಕೆನಿಸಿದರೆ ಬಯ್ದುಬಿಡು, ನಿನ್ನ ಬಾಯಿ ನನಗೇನು ಹೊಸದಲ್ಲ.

ಮೊದಲು ವ್ಯಾಪಾರದ ಸುದ್ದಿ. ನಿನ್ನ ಮಗ ತಘಾಜಾ ಗಣಿಯಿಂದ ಹೇರಿಸಿದ್ದ ಉಪ್ಪಿನ ಚಪ್ಪಡಿಗಳಲ್ಲಿ ಒಂದೂ ಒಡೆದಿರಲಿಲ್ಲ. ದಕ್ಷಿಣದವರು ಮುಗಿಬಿದ್ದು ಕೊಂಡರು. ಬಂದ ಬಂಗಾರದ ಪುಡಿಯನ್ನು ತೊಗಲಿನಲ್ಲಿ ಹೊಲಿಸಿ ಕಳಿಸಿದ್ದೇನೆ. ಬೇಡ ಅನ್ನಬೇಡ, ಅದು ಅಕ್ಸಿಲ್‌ನ ಮೊದಲ ದುಡಿಮೆ.

ಏನಾಯಿತೆಂದು ಕೇಳಿದ್ದೀಯ. ಅವನ ಒಂಟೆಗಳು ಸೋತು, ಅವನೂ ನಾಲ್ವರು ಆಳುಗಳೂ ತಂಡದಿಂದ ಒಂದು ದಿನದ ದಾರಿ ಹಿಂದೆ ಉಳಿದರು. ಮುಂದಿನವರಿಗೆ ಅವರವರ ನೆಂಟರು ಈ ಊರಿಂದ ಮರಳುಗಾಡಿಗೆ ಎದುರು ಕಳಿಸಿದ್ದ ನೀರು ಸಿಕ್ಕಿತು. ಹಿಂದಿನವರಿಗೆ ಯದ್ದರ್ ಕಳಿಸಿದ್ದಾನಲ್ಲ ಎಂದು ಅವರು ನಡೆದುಬಿಟ್ಟರು. ಆದರೆ ನನ್ನ ನೀರು ಅವನನ್ನು ಮುಟ್ಟುವಾಗ ಬೊಗಸೆಯಷ್ಟೇ ಉಳಿದಿತ್ತು.

ನೀರು ಒಯ್ದಿದ್ದ ಬಿಲ್ಲಾ ಅಳುತ್ತ ಹೇಳಿದ: "ಎಷ್ಟ್ ಬೇಡ್ಕೊಂಡ್ರೂ ಕೇಳ್ಲಿಲ್ಲ ಯಜಮಾನ್ರೇ. 'ಆಳುಗಳಿಗಿಂತ ಮುಂಚೆ ಕುಡಿದ್ರೆ ಮಾವ ನನ್ನ ಹೊಸ್ತಿಲು ದಾಟೋಕೆ ಬಿಡ್ತಾನಾ?' ಅಂತ ನಕ್ರು."

ಯಜಮಾನ ಕೊನೆಗೆ ಕುಡಿಯಬೇಕೆಂದು ಕಲಿಸಿದವನು ನಾನೇ. ಅವನ ಸರದಿ ಬರುವಾಗ ಏನೂ ಇರಲಿಲ್ಲ. ಅಲ್ಲಿಯೇ ಮಣ್ಣು ಮಾಡಿದರು. ನಮ್ಮಲ್ಲಿ ಎಲ್ಲವೂ ಸೋದರಳಿಯನಿಗಲ್ಲವೇ? ಈ ಮನೆಯನ್ನು ಈಗ ಯಾರಿಗೆಂದು ಗುಡಿಸಿಡಲಿ?

ದೇವರು ನಿನ್ನ ಹೊಟ್ಟೆಯ ಸಂಕಟ ತಣಿಸಲಿ, ಉಳಿದ ಮಕ್ಕಳನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಯದ್ದರ್

ಇನ್ನೊಂದು ಮಾತು. ನೀರು ಕಳಿಸಿರೆಂಬ ಪತ್ರ ಹಿಡಿದು ತಂಡಕ್ಕಿಂತ ಮುಂದೆ ಓಡಿಬಂದ ಓಲೆಕಾರ ಅಮಸ್ತಾನ್ ತಡಮಾಡಿದನೆಂದು ಅವನಿಗೆ ಶಾಪ ಹಾಕಿದ್ದೀಯ. ಅವನು ತಡಮಾಡಲಿಲ್ಲ, ಒಂದು ದಿನ ಮುಂಚೆಯೇ ಬಂದ. ಮನೆಯಲ್ಲಿ ತೊಗಲಿನ ಹಳೆಯ ನೀರುಚೀಲಗಳಿದ್ದವು, ಕರ್ರಗೆ, ನಾರುವಂಥವು. ಅಳಿಯ ಮೊದಲ ಸಲ ಬರುತ್ತಿದ್ದಾನೆ, ನಾಲ್ಕು ಜನ ನೋಡಲಿ ಎಂದು ನಾನು ಹೊಸ ಚೀಲಗಳನ್ನು ತುಂಬಿಸಿದೆ. ಚೀಲ ಹೊಲಿಯುವ ತೆಕ್ಕಾ ಅಜ್ಜಿ, "ಲೋ, ಅದಕ್ಕಿನ್ನೂ ಬೆಣ್ಣೆ ಕುಡ್ಸಿಲ್ಲ ಕಣೋ, ದಾರಿಯೆಲ್ಲಾ ಸೋರ್ತದೆ. ಇದೇನ್ ಮದುವೆ ದಿಬ್ಬಣವಾ? ಹಳೇದ್ರಲ್ಲೇ ಕಳ್ಸು" ಅಂದಳು. "ನಿಂಗೆ ಅರಳುಮರುಳು, ಹೋಗಜ್ಜಿ" ಎಂದು ನಕ್ಕೆ. ದಾರಿಯ ನಾಲ್ಕು ದಿನವೂ ನೀರು ಮರಳಿಗೆ ಹೋಯಿತು.

ಓಲೆಕಾರ ತಡಮಾಡಿದನೆಂದು ಊರಿಗೆ ಹೇಳಿದವನೂ ನಾನೇ. ಅವನಿಗೆ ಈಗ ಯಾರೂ ಕೆಲಸ ಕೊಡುವುದಿಲ್ಲ. ಊರ ಮುಂದೆ ನಿಜ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಈ ಪತ್ರವನ್ನು ಅವನ ಕೈಯಲ್ಲೇ ಕಳಿಸಿದ್ದೇನೆ. ಒಳಗೇನಿದೆಯೆಂದು ಅವನಿಗೆ ಗೊತ್ತಿಲ್ಲ. ನಿನ್ನ ಮುಖ ನೋಡಲು ಹೆದರಿ ಬಾಗಿಲಲ್ಲೇ ನಿಂತಿರುತ್ತಾನೆ. ಒಳಗೆ ಕರೆ, ತಂಗಿ. ಇದನ್ನು ಅವನಿಗೆ ಓದಿ ಹೇಳು.