ಗೋದಾಮು ತುಂಬ ಗಂಬೂಟು

ಅಪ್ಪ,

ಈ ತಿಂಗಳು ಕೆಲಸದವರಿಗೆ ಸಂಬಳ ಕೊಡಲು ನಮ್ಮ ಬಂಗಾರಪೇಟೆ ಅಂಗಡಿಯಲ್ಲಿ ದುಡ್ಡಿಲ್ಲ. ಬೆಳಿಗ್ಗೆ ಹೇಳಿದ್ದು ಲೆಕ್ಕ ನೋಡುವ ಇಂದ್ರಾಣಿ. ವರ್ಷದ ಕೊನೆಗೆ ಲಾಭ ತೋರಿಸಿದ್ದೂ ಅವಳೇ. ಆ ಲಾಭ ಎಲ್ಲಿ ಹೋಯಿತು ಎಂದು ರೇಗಿದೆ.

"ಎಲ್ಲೂ ಓಗಿಲ್ಲಕ್ಕಾ. ಅರ್ಧ ಗೋಡೌನಲ್ಲಿ ಕುಂತೈತೆ, ಇನ್ನರ್ಧ ಕಂಟ್ರಾಕ್ಟರ್‌ಗಳ ಜೇಬಲ್ಲೈತೆ" ಎಂದಳು.

ಉರಿಗಾಂ ಗೋದಾಮಿನಲ್ಲಿ ಕುಳಿತಿರುವುದು ನಿನ್ನ ಗಂಬೂಟುಗಳು. ಮುಚ್ಚಿದ ಚಿನ್ನದ ಗಣಿ ಮತ್ತೆ ತೆರೆಯುತ್ತದೆ ಎಂದು ಪೇಪರ್‌ನಲ್ಲಿ ಬಂದಾಗಲೆಲ್ಲ ಕಾರ್ಮಿಕರಿಗೆ ಬೇಕಾಗುತ್ತದೆಂದು ನೀನು ಒಂದೊಂದು ಲೋಡು ತರಿಸಿದೆ. ಗಣಿ ತೆರೆಯಲಿಲ್ಲ, ರಬ್ಬರು ಬಿರುಕು ಬಿಟ್ಟಿತು. ಈಗ ಹಸು ಸಾಕುವವರು ಬಂದು ಒಳ್ಳೆಯ ಬೂಟು ಕೇಳುತ್ತಾರೆ. ತರಿಸಿ ಕೊಡಲು ಕೈಯಲ್ಲಿ ಕಾಸಿಲ್ಲ.

ಸಾಲಕ್ಕೆ ಒಯ್ದ ಸಾಮಾನಿನ ಬಾಕಿ ಕೇಳಲು ಕ್ವಾರಿ ಕಂಟ್ರಾಕ್ಟರ್ ಸೆಲ್ವರಾಜ್ ಮನೆಗೆ ಹೋದೆ. "ಏನಮ್ಮಾ, ನಿಮ್ಮಪ್ಪ ಒಂದ್ ದಿನಾನೂ ಬಾಯ್ಬಿಟ್ಟು ಕೇಳ್ನಿಲ್ಲ. ನೀನ್ಯಾಕೆ ಇಷ್ಟ್ ಅವಸರ ಬೀಳ್ತೀಯ?" ಎಂದು ನಕ್ಕು, ಕಾಫಿ ಕೊಟ್ಟು ಕಳಿಸಿದರು.

ನೀನು ಕೇಳಲಿಲ್ಲ, ನಿಜ. ನಿನ್ನ ಆಪರೇಷನ್‌ಗೆ ನಾನು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುತ್ತಿದ್ದಾಗಲೂ ಕೇಳಲಿಲ್ಲ. ಸೆಲ್ವರಾಜ್ ಆಸ್ಪತ್ರೆಗೆ ಸೇಬು ತಂದಿದ್ದರು. ನೀನು ಅವರಿಗೆ ಥ್ಯಾಂಕ್ಸ್ ಹೇಳಿದೆ.

ಇವತ್ತಿನ ಪೇಪರ್‌ನಲ್ಲಿ ಗಣಿ ತೆರೆಯುವ ಸುದ್ದಿ ಮತ್ತೆ ಬಂದಿದೆ. ಕತ್ತರಿಸಿ ನಿನ್ನ ಮೇಜಿನ ಮೇಲಿಟ್ಟೆ. ಓದಲು ನೀನಿಲ್ಲ ಎಂದು ಇಟ್ಟ ಮೇಲೆ ನೆನಪಾಯಿತು.

ಬೂಟುಗಳಿಗೆ ಗುಜರಿಯವನು ಹೇಳಿದ ಬೆಲೆ ಸಂಬಳಕ್ಕೆ ಸಾಲುತ್ತದೆ. ಶುಕ್ರವಾರ ಹತ್ತು ಗಂಟೆಗೆ ಅವನ ಲಾರಿ ಉರಿಗಾಂಗೆ ಬರುತ್ತದೆ.

ರಾಧಾಮಣಿ