ಹಲ್ಲು ಡಾಕ್ಟ್ರು ಬಾಯಿ ಬಿಡಿಸಿದ ಗೇಮಿನ ಡಬ್ಬ

ಭಾನುವಾರ, ಮಾರ್ಚ್ ೧೬

ನನ್ನ ಮುದ್ದಿನ ತರಲೆಗೆ ಅಜ್ಜಿಯ ದೊಡ್ಡ ಅಪ್ಪುಗೆ.

ಹಾಸ್ಟೆಲಿಗೆ ಕಾಗದ ಬಂದಿದೆಯೆಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಆದದ್ದೆಲ್ಲ ನಿನ್ನ ಗೇಮಿನ ಡಬ್ಬಕ್ಕೆ, ಅದೂ ಈಗ ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ಕಿರುಚುತ್ತೀ, ನಾನು ನಗುತ್ತ ನಗುತ್ತ ಹೇಳಬೇಕಾದ್ದನ್ನೇ ಮರೆಯುತ್ತೇನೆ. ಕಾಗದದಲ್ಲಾದರೆ ಅಡ್ಡಬಾಯಿ ಹಾಕುವವರಿಲ್ಲ. ಪುಸ್ತಕದ ಕೊನೆಯ ಪುಟ ಮೊದಲು ಓದುವ ಚಾಳಿ ನಿನ್ನದು. ಈ ಸಲ ಅದು ಬೇಡ, ಸಾಲಾಗಿ ಓದು.

ಕಾಲೇಜಿಗೆ ಹೊರಡುವಾಗ ನೀನು ಟಿ.ವಿ.ಗೆ ಸಿಕ್ಕಿಸಿ ಆಡುವ ಆ ಡಬ್ಬವನ್ನು ನನ್ನ ಕೈಗೊಪ್ಪಿಸಿ, "ಅಜ್ಜಿ, ನಮ್ಮೂರನ್ನ ಚೆನ್ನಾಗಿ ನೋಡ್ಕೋ" ಅಂದಿದ್ದೆ. ನೋಡಿಕೊಂಡೆ ಕಣೇ. ನಿನ್ನ ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಪಾಳಿ ಮುಗಿಸಿ ಬರುವ ತನಕ ನಾವಿಬ್ಬರೂ ಆ ಗೇಮಿನೊಳಗೆ ಕಟ್ಟಿದ ಊರು ಅದು. ನಿನ್ನ ಸೇತುವೆ, ನನ್ನ ಹೊಲಿಗೆ ಅಂಗಡಿ, ಎಲ್ಲಿಗೂ ಹೋಗದೆ ಸುತ್ತುತ್ತಲೇ ಇರುವ ಆ ರೈಲು. ನಾನು ದಿನಾ ಮಧ್ಯಾಹ್ನ ಹೋಗಿ ತೋಟಕ್ಕೆ ನೀರು ಬಿಟ್ಟು, ಕಾರಿನಲ್ಲಿ ಒಂದು ಸುತ್ತು ಹೊಡೆದು ಬರುತ್ತಿದ್ದೆ. ನಿಜ ಹೇಳಬೇಕೆಂದರೆ ನೀನಿಲ್ಲದ ಮನೆಗಿಂತ ಆ ಊರಿನಲ್ಲೇ ನನಗೆ ಹೆಚ್ಚು ಸದ್ದುಗದ್ದಲ ಸಿಗುತ್ತಿತ್ತು.

ಅಪರಾಧ ಎಲ್ಲಿ ನಡೆಯಿತೆಂದರೆ, ಧೂಳು ಬೀಳಬಾರದೆಂದು ನಾನು ಡಬ್ಬಕ್ಕೊಂದು ಅಂಗಿ ಹೊಲಿದೆ. ಶಾಲೆಯ ಸಮವಸ್ತ್ರ ಹೊಲಿದೇ ತಲೆ ನೆರೆತವಳಿಗೆ ಬರಿಮೈಯಲ್ಲಿ ನಿಂತ ಏನನ್ನು ಕಂಡರೂ ಕೈ ತುರಿಸುತ್ತದೆ. ನೀಲಿ ಬಟ್ಟೆ, ಅಂಚಿಗೆ ಬಿಳಿ ಲೇಸು. ಎಷ್ಟು ಚೆಂದ ಕಂಡಿತೆಂದರೆ ಆಡುವಾಗಲೂ ತೆಗೆಯಲು ಮನಸ್ಸು ಬರಲಿಲ್ಲ. ಪಾಪ, ಅದು ಸೆಕೆ ಸೆಕೆ ಎಂದು ಮಿಕ್ಸಿಯ ಹಾಗೆ ಅರಚಿತು. ನಾನು ಟಿ.ವಿ. ಸದ್ದು ಜಾಸ್ತಿ ಮಾಡಿಕೊಂಡೆ. ಒಂದು ದಿನ ಸೇತುವೆಯ ಮೇಲೆ ಕಾರು ಹೋಗುತ್ತಿದ್ದ ಹಾಗೇ ಟಪ್ಪೆಂದು ಎಲ್ಲ ಕಪ್ಪಾಯಿತು. ಮತ್ತೆ ಹಚ್ಚಿದರೆ ಸ್ವಲ್ಪ ಉಸಿರಾಡಿ ಮತ್ತೆ ಆರುತ್ತದೆ. ಮೈ ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆ!

ಚೀಲಕ್ಕೆ ಹಾಕಿಕೊಂಡು ಪೇಟೆಯ ರಿಪೇರಿ ಅಂಗಡಿಗೆ ಓಡಿದೆ. ಅಲ್ಲಿದ್ದವನು ತಿರುಗಿಸಿ ನೋಡಿ, "ಹಳೇ ಮಾಡೆಲ್ ಅಜ್ಜಿ. ಒಳಗಿನ ಬೋರ್ಡೇ ಬದಲಾಯಿಸ್ಬೇಕು. ಅದರಲ್ಲಿರೋದೆಲ್ಲ ಹೋಗುತ್ತೆ" ಅಂದ. "ಊರೂ ಹೋಗುತ್ತಾ?" ಅಂತ ಕೇಳಿದೆ. "ಯಾವ ಊರು?" ಅಂದ. ಡಬ್ಬವನ್ನು ಎತ್ತಿಕೊಂಡು ಬಂದುಬಿಟ್ಟೆ.

ಲಿಫ್ಟು ಎಂದಿನಂತೆ ಕೆಟ್ಟಿತ್ತು. ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಕೆಳಗಿನ ಮಹಡಿಯ ಹಲ್ಲು ಡಾಕ್ಟ್ರು ಬಾಗಿಲು ತೆಗೆದರು. ನಿನಗೆ ನೆನಪಿರಲೇಬೇಕು, ಹಾಲುಹಲ್ಲು ಕೀಳುವಾಗ ನೀನು ಬೆರಳು ಕಚ್ಚಿದ್ದೆಯಲ್ಲ, ಅವರೇ. ಹೆಂಡತಿ ಹೋದಮೇಲೆ ಒಬ್ಬರೇ ಇದ್ದಾರೆ, ಕ್ಲಿನಿಕ್ ಕೂಡ ಮುಚ್ಚಿದ್ದಾರೆ. ಇಷ್ಟು ವರ್ಷದಿಂದ ನಮ್ಮಿಬ್ಬರ ನಡುವೆ ಇದ್ದದ್ದು "ಲಿಫ್ಟು ಸರಿಯಾಯ್ತಾ ಮೇಡಂ" "ಇಲ್ಲ ಡಾಕ್ಟ್ರೇ" ಇಷ್ಟೇ ಮಾತು. ಆವತ್ತು ಮಾತ್ರ ನನ್ನ ಮಡಿಲಿನ ಚೀಲ ನೋಡಿ, "ಬೆಕ್ಕಿಗೆ ಹುಷಾರಿಲ್ವಾ?" ಅಂತ ಕೇಳಿದರು. ಅಳು ಬರುವ ಹಾಗಿದ್ದವಳಿಗೆ ನಗು ಬಂತು. ವಿಷಯ ಹೇಳಿದೆ. ಅವರು ಡಬ್ಬದ ಹಿಂಬದಿಯ ಕಿಂಡಿಗಳಿಗೆ ಮೂಗು ತಾಗಿಸಿ ನೋಡಿ, "ಬಿಸಿ ಆಗಿ ಆರಿಹೋಗುತ್ತೆ ಅಂದ್ರೆ ಉಸಿರು ಕಟ್ಟಿದೆ ಅಂತ. ನನ್ನ ಕ್ಲಿನಿಕ್ ಮೆಷಿನ್‌ಗಳನ್ನೆಲ್ಲ ನಾನೇ ಬಿಚ್ಚಿ ಸರಿ ಮಾಡ್ಕೊಳ್ತಿದ್ದೆ. ಬಾಯಿ ಬಿಡಿಸಿ ನೋಡೋಣ. ನೋವಾಗಲ್ಲ" ಅಂದರು. ಆ ಕೊನೆಯ ಮಾತು ಅಭ್ಯಾಸಬಲ.

ಮಾರನೆಯ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಊಟದ ಮೇಜು ಆಪರೇಷನ್ ಥಿಯೇಟರ್ ಆಯಿತು. ಬಿಳಿ ಹಾಸು, ಬಗ್ಗಿಸುವ ದೀಪ, ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿ, ಹಲ್ಲಿನ ಸಂದಿ ಕೆದಕುವ ಕೊಕ್ಕೆ, ಬಾಯೊಳಗೆ ಇಣುಕುವ ಪುಟ್ಟ ಕನ್ನಡಿ, ಎಲ್ಲ ತಂದಿದ್ದರು. ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದೆವು. ಒಳಗಿನ ಸ್ಕ್ರೂಗಳ ತಲೆ ನಕ್ಷತ್ರದ ಆಕಾರದ್ದು, ಮನೆಯಲ್ಲಿದ್ದ ಯಾವ ಸ್ಕ್ರೂಡ್ರೈವರೂ ಹಿಡಿಯಲಿಲ್ಲ. ಹೊಂದುವಂಥದ್ದನ್ನು ತರಲು ಪೇಟೆಗೆ ಹೋದೆವು. ಒಂದು ಸ್ಕ್ರೂಡ್ರೈವರ್ ತರಲು ಇಬ್ಬರು ಯಾಕೆ ಹೋದಿರಿ ಅಂತ ಕೇಳಬೇಡ. ಭಾರ ಇತ್ತು ಅಂತಿಟ್ಟುಕೋ.

ಬಂದು ಮತ್ತೆ ಕೂತಾಗ ಒಂದು ವಿಷಯ ಕಂಡಿತು. ಡಾಕ್ಟರು ಸ್ಕ್ರೂಡ್ರೈವರನ್ನು ಸ್ಕ್ರೂವಿನ ತಲೆಗೆ ಹಿಡಿಯುತ್ತಾರೆ, ಅದು ಜಾರುತ್ತದೆ. ಮತ್ತೆ ಹಿಡಿಯುತ್ತಾರೆ, ಮತ್ತೆ ಜಾರುತ್ತದೆ. ಅವರ ಕೈ ನಡುಗುತ್ತಿತ್ತು. ಅವರು ಉಪಕರಣ ಕೆಳಗಿಟ್ಟು, "ಕ್ಲಿನಿಕ್ ಯಾಕೆ ಮುಚ್ಚಿದ್ರಿ ಅಂದ್ರೆ ಎಲ್ಲರಿಗೂ ವಯಸ್ಸಾಯ್ತು ಅಂತೀನಿ. ವಯಸ್ಸಲ್ಲ ಮೇಡಂ, ಇದು" ಎಂದು ಕೈಯನ್ನು ದೀಪದ ಕೆಳಗೆ ಚಾಚಿದರು. ಯಾರಿಗೂ ತೋರಿಸದ್ದನ್ನು ನನಗೆ ತೋರಿಸುತ್ತಿದ್ದಾರೆ ಅನ್ನಿಸಿತು. ಅಯ್ಯೋ ಪಾಪ ಅನ್ನಲು ನನಗೆ ಬರುವುದಿಲ್ಲ, ನಿನಗೇ ಗೊತ್ತು. "ಸೂಜಿಗೆ ದಾರ ಪೋಣಿಸೋಕೆ ನನಗೆ ಇವತ್ತಿಗೂ ಕನ್ನಡಕ ಬೇಡ. ಬಾಯಿ ನಿಮ್ಮದು, ಕೈ ನನ್ನದು. ಹೇಳ್ತಾ ಹೋಗಿ" ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡೆ.

ಆಮೇಲೆ ನೋಡಬೇಕಿತ್ತು ನಮ್ಮ ಜೋಡಿಯನ್ನು. ಅವರು ಭೂತಗನ್ನಡಿ ಹಾಕಿಕೊಂಡು "ಸ್ವಲ್ಪ ಎಡಕ್ಕೆ, ಮೆತ್ತಗೆ, ಹಾಂ ಹಾಂ" ಅನ್ನುವುದು, ನಾನು ಉಸಿರು ಬಿಗಿಹಿಡಿದು ತಿರುಪುವುದು. ಬಿಚ್ಚಿದ ಸ್ಕ್ರೂಗಳನ್ನು ಅವರು ಕಾಗದದ ಮೇಲೆ ಡಬ್ಬದ ಚಿತ್ರ ಬರೆದು ಅದರದರ ಜಾಗದಲ್ಲೇ ಅಂಟಿಸಿದರು. ಫ್ಯಾನಿನ ಸುತ್ತಲಿಂದ ಧೂಳಿನ ಹಾಸಿಗೆಯೇ ಎದ್ದುಬಂತು. ಅದರ ನಡುವೆ ನೀಲಿ ನೂಲು, ಬಿಳಿ ಲೇಸಿನ ಎಳೆ. ಡಾಕ್ಟರು ಆ ಎಳೆಯನ್ನು ಚಿಮ್ಮಟದಲ್ಲಿ ಎತ್ತಿ ನೋಡಿದರು, ಮೂಲೆಯಲ್ಲಿದ್ದ ನನ್ನ ಹೊಲಿಗೆ ಯಂತ್ರ ನೋಡಿದರು, ನನ್ನ ಮುಖ ನೋಡಿದರು. ಪುಣ್ಯಾತ್ಮ ಒಂದು ಮಾತೂ ಆಡಲಿಲ್ಲ. ಅಂಥ ಗಂಡಸನ್ನು ನಾನು ನೋಡಿದ್ದು ಅಪರೂಪ.

ಒಳಗಿನ ಮುಖ್ಯ ಚಿಪ್ ಮೇಲೆ ಪೇಸ್ಟ್ ಹಚ್ಚಿರುತ್ತಾರಂತೆ, ಶಾಖ ಎಳೆದುಕೊಳ್ಳಲು. ಅದು ಒಣಗಿ ಸುಣ್ಣವಾಗಿತ್ತು. ಮರುದಿನ ಅದೇ ಮೂರು ಗಂಟೆಗೆ ಡಾಕ್ಟರು ಪೇಟೆಯಿಂದ ಹೊಸ ಪೇಸ್ಟಿನ ಟ್ಯೂಬು ತಂದರು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ ಹೊಸದು ಹಾಕಬೇಕು. "ಎಷ್ಟು ಹಾಕ್ಲಿ?" ಅಂದೆ. "ಸಾಸಿವೆಗಿಂತ ದೊಡ್ಡದು, ಬಟಾಣಿಗಿಂತ ಚಿಕ್ಕದು. ಜಾಸ್ತಿ ಆದ್ರೆ ಉಗುಳೋಕೆ ಅದಕ್ಕೆ ಬಾಯಿಲ್ಲ" ಅಂದರು. ಇಬ್ಬರೂ ನಕ್ಕ ನಗೆಗೆ ಪೇಸ್ಟು ಒಂದಿಷ್ಟು ಮೇಜಿನ ಪಾಲಾಯಿತು.

ಎಲ್ಲ ಜೋಡಿಸಿ, ಸ್ವಿಚ್ಚು ಹಾಕಿದೆ. ಸದ್ದಿಲ್ಲ, ದೀಪವಿಲ್ಲ. ಮೊದಲಾದರೂ ಸ್ವಲ್ಪ ಹೊತ್ತು ಬದುಕುತ್ತಿತ್ತು, ಈಗ ಪೂರ್ತಿ ಕಲ್ಲು. ನಿನ್ನ ಸೇತುವೆ, ನಮ್ಮ ರೈಲು ಎಲ್ಲ ಕಣ್ಣ ಮುಂದೆ ಬಂತು. ಬಾಯಿಂದ ಮಾತು ಜಾರಿಯೇಬಿಟ್ಟಿತು: "ನಿಮಗೆ ಕೀಳೋದಷ್ಟೇ ಗೊತ್ತು ಡಾಕ್ಟ್ರೇ, ಕೂರಿಸೋದು ಗೊತ್ತಿಲ್ಲ!" ಅವರು ಮುಖ ಸಣ್ಣ ಮಾಡಿಕೊಂಡು ತಮ್ಮ ಕೊಕ್ಕೆ ಕನ್ನಡಿಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿಕೊಂಡು ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬರದಿದ್ದರೆ ಬಿಡಲಿ ಎಂದುಕೊಂಡೆ. ಆದರೆ ಮೂರು ಗಂಟೆಯಾದರೆ ಕಿವಿ ತಾನೇ ಮೆಟ್ಟಿಲ ಕಡೆ ಹೋಗುತ್ತದೆ, ಟೀ ಮಾಡಿದರೆ ಎರಡು ಲೋಟವಾಗುತ್ತದೆ. ಒಂದನ್ನು ಕುಡಿದು ಇನ್ನೊಂದನ್ನೂ ಕುಡಿದು ಹೊಟ್ಟೆ ಉರಿ ಬರಿಸಿಕೊಂಡೆ. ಕೊನೆಗೆ ಸಿಟ್ಟಿನಲ್ಲಿ ನಾನೇ ಡಬ್ಬ ಬಿಚ್ಚಿದೆ. ಬಿಚ್ಚುವುದು ಈಗ ಕೈಗೆ ಪಾಠವಾಗಿತ್ತು. ಸ್ವಿಚ್ಚಿನಿಂದ ಬರುವ ಒಂದು ಚಪ್ಪಟೆ ತಂತಿ, ಥೇಟ್ ರಿಬ್ಬನ್ನಿನಂಥದ್ದು, ತನ್ನ ಗೂಡಿನಿಂದ ಹೊರಗೆ ಬಂದು ಸುಮ್ಮನೆ ಮಲಗಿತ್ತು. ಕೂರಿಸುವಾಗ ಅದರ ಮೇಲಿನ ಪುಟ್ಟ ಮುಚ್ಚಳ ಒತ್ತಲು ಮರೆತವಳು ನಾನೇ. ತಪ್ಪು ನನ್ನದು, ಬೈಸಿಕೊಂಡವರು ಅವರು.

ಈಗ ಗುಟ್ಟೊಂದು ಹೇಳುತ್ತೇನೆ. ಆ ತಂತಿಯನ್ನು ನಾನೊಬ್ಬಳೇ ಕೂರಿಸಬಹುದಿತ್ತು. ಬ್ಲೌಸಿಗೆ ಕೊಕ್ಕೆ ಹಾಕುವುದಕ್ಕಿಂತ ಸುಲಭ. ಕೂರಿಸಲಿಲ್ಲ. ತಲೆ ಬಾಚಿಕೊಂಡು ಕೆಳಗಿಳಿದು ಹೋಗಿ ಬಾಗಿಲು ತಟ್ಟಿ, "ಡಾಕ್ಟ್ರೇ, ತಪ್ಪು ನಂದು. ಆದ್ರೆ ಸರಿ ಮಾಡೋಕೆ ಒಬ್ಬಳ ಕೈ ಸಾಲ್ತಿಲ್ಲ" ಅಂದೆ. ಮೊದಲರ್ಧ ಸತ್ಯ, ಉಳಿದರ್ಧ ಶುದ್ಧ ಸುಳ್ಳು. ಅವರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ನನಗಿಂತ ಮುಂಚೆ ಮೆಟ್ಟಿಲು ಹತ್ತಿದರು.

ಅವರು ದೀಪ ಹಿಡಿದರು, ನಾನು ತಂತಿ ಕೂರಿಸಿ ಮುಚ್ಚಳ ಒತ್ತಿದೆ. ಟಿಕ್ ಅಂದಿತು. ಸ್ವಿಚ್ಚು ಒತ್ತಲು ಇಬ್ಬರಿಗೂ ಧೈರ್ಯವಿಲ್ಲ. "ನೀವು ಒತ್ತಿ" "ನೀವೇ ಒತ್ತಿ" ಎಂದು ಮದುಮಕ್ಕಳ ಹಾಗೆ ಜಗ್ಗಾಡಿ, ಕೊನೆಗೆ ಇಬ್ಬರ ಬೆರಳೂ ಒಟ್ಟಿಗೇ ಹೋಯಿತು. ನೀಲಿ ದೀಪ ಹತ್ತಿತು ಕಣೇ! ಫ್ಯಾನು ಮಗು ನಿದ್ದೆಯಲ್ಲಿ ಉಸಿರಾಡಿದಷ್ಟು ಮೆತ್ತಗೆ ತಿರುಗಿತು. ಪರದೆಯ ಮೇಲೆ ನಮ್ಮ ಊರು, ಇದ್ದ ಹಾಗೇ. ತೋಟ ಒಂದಿಷ್ಟು ಒಣಗಿತ್ತು, ಅಷ್ಟೇ. ನಾನು ಡಾಕ್ಟರ ಕೈ ಹಿಡಿದು ಕುಣಿದುಬಿಟ್ಟೆ. ಮೇಲಿನ ಮನೆಯವರು ಏನಾಯಿತೆಂದು ಬಾಗಿಲಿಗೆ ಬಂದರು. "ಊರು ಸಿಕ್ತು!" ಅಂದೆ. ಅರ್ಥವಾಗದಿದ್ದರೂ ಅವರೂ ನಕ್ಕು ಹೋದರು.

ಕೆಲಸ ಮುಗಿಯಿತು, ಇನ್ನು ಅವರು ಬರುವುದು ಯಾಕೆ? ಆದರೂ ಬಂದರು. ಮೊದಲ ದಿನ ಜ್ವರ ನೋಡುವ ಥರ್ಮಾಮೀಟರ್ ತಂದು ಡಬ್ಬದ ಪಕ್ಕಕ್ಕೆ ಒತ್ತಿ ಹಿಡಿದು, "ಪರವಾಗಿಲ್ಲ, ಆದ್ರೆ ಕೆಲವು ದಿನ ಗಮನಿಸ್ಬೇಕು" ಅಂದರು. ಗಮನಿಸುವುದು ಎಂದರೆ ಪಕ್ಕದಲ್ಲಿ ಕೂತು ಆಡುವುದು. ಅವರ ಡ್ರೈವಿಂಗ್ ಎಷ್ಟು ಕೆಟ್ಟದೆಂದರೆ, ಊರಿನ ಕಾರುಗಳೆಲ್ಲ ಈಗ ನದಿಯಲ್ಲಿವೆ. ಕೈ ನಡುಗಿದರೆ ಅಲ್ಲಿ ಯಾರ ವಸಡೂ ಹರಿಯುವುದಿಲ್ಲವಲ್ಲ ಎಂದು ಧೈರ್ಯವಾಗಿ ಓಡಿಸುತ್ತಾರೆ. ಅವರು ಅಷ್ಟು ಜೋರಾಗಿ ನಗುವುದನ್ನು ನಾನು ಮೆಟ್ಟಿಲ ಮೇಲೆ ಯಾವತ್ತೂ ಕೇಳಿರಲಿಲ್ಲ.

ಹೋದ ಗುರುವಾರ ಹಾಗೇ ಕೂತಿದ್ದೆವು. ನನಗೆ ಇದ್ದಕ್ಕಿದ್ದಂತೆ, ಈ ಮನುಷ್ಯ ನಾಳೆ ನೆಪ ಸಿಗದೆ ಸುಮ್ಮನಾಗಿಬಿಟ್ಟರೆ ಅನ್ನಿಸಿತು. ನಿನ್ನ ಅಜ್ಜ ಹೋದಾಗಿನಿಂದ ನಾನು ಒಂಟಿತನ ಎಂದು ಯಾರ ಹತ್ತಿರವೂ ಗೊಣಗಿದವಳಲ್ಲ, ಆವತ್ತೂ ಗೊಣಗಲಿಲ್ಲ. ನೇರವಾಗಿ ಹೇಳಿದೆ: "ಡಾಕ್ಟ್ರೇ, ಈ ಡಬ್ಬ ಇನ್ನು ಕೆಡೋ ಹಾಗೆ ಕಾಣ್ಸಲ್ಲ. ದಿನಾ ಮೆಟ್ಟಿಲು ಹತ್ತೋದು ನಿಮಗೂ ಕಷ್ಟ, ದಿನಾ ಇಳಿದು ಹೋಗೋದನ್ನ ನೋಡೋದು ನನಗೂ ಕಷ್ಟ. ಮದುವೆ ಆಗ್ಬಿಡೋಣ್ವಾ?"

ಅವರು ಓಡಿಸುತ್ತಿದ್ದ ಕಾರು ಸೇತುವೆಯಿಂದ ನೇರ ನೀರಿಗೆ. ಆದರೆ ಅವರು "ಆಗ್ಲಿ" ಅಂದರು. ಯೋಚನೆ ಮಾಡಲು ಒಂದು ಉಸಿರಿನಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ. ಆಮೇಲೆ ಮೊದಲ ಸಲ ಮೇಡಂ ಬಿಟ್ಟು, "ಏನ್ರೀ, ಕಾರನ್ನ ಮೇಲೆತ್ತೋದು ಹೇಗೆ?" ಅಂದರು.

ಇದೇ ಕಣೇ ವಿಷಯ. ನಿನ್ನ ಮಾತು ನನಗೆ ಬೇಕು. ನಗಬೇಕೆನಿಸಿದರೆ ನಕ್ಕು ಬರೆ, ಸಿಟ್ಟು ಬಂದರೆ ಸಿಟ್ಟಿನಲ್ಲೇ ಬರೆ, ಮುಚ್ಚಿಡಬೇಡ. ನಿನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ. ಹೊಲಿಗೆ ಅಂಗಡಿ ಒಬ್ಬಳೇ ನಡೆಸಿದವಳು ನಾನು, ಯಾರಿಗೂ ಹೆದರಿದವಳಲ್ಲ. ಆದರೆ ಹೆತ್ತ ಮಗಳ ಮುಂದೆ ನಿಂತು "ನಂಗೆ ಮದುವೆ" ಅನ್ನಲು ನಾಲಿಗೆ ಏಳುತ್ತಿಲ್ಲ. ಅವಳಿಗೆ ಹೇಗೆ ಹೇಳಲಿ, ನೀನೇ ಒಂದು ಉಪಾಯ ಕೊಡು. ಅಲ್ಲಿಯ ತನಕ ನಿನ್ನ ಹೊಟ್ಟೆಯಲ್ಲಿರಲಿ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ರಜೆಗೆ ಬಂದಾಗ ನದಿಯಿಂದ ಕಾರುಗಳನ್ನು ಎತ್ತುವ ಕೆಲಸ ನಿನ್ನದು.

ಕಾಯುತ್ತಿರುವ,
ನಿನ್ನ ಅಜ್ಜಿ

ಮರೆತದ್ದಲ್ಲ, ಈಗಷ್ಟೇ ತಿಳಿದದ್ದು: ಕಾಗದ ಮಡಚುವಷ್ಟರಲ್ಲಿ ನಿನ್ನ ಅಮ್ಮ ಬಂದಳು. ನಾನು ಟೀ ಇಡಲು ಒಳಗೆ ಹೋದದ್ದೇ ತಡ, ಮೇಜಿನ ಮೇಲಿದ್ದುದನ್ನು ಪೂರ್ತಿ ಓದಿಬಿಟ್ಟಿದ್ದಾಳೆ. ನಾನು ಲೋಟ ಹಿಡಿದುಕೊಂಡು ಹೊರಗೆ ಬಂದೆ. ಅವಳು ಕಣ್ಣೊರೆಸಿಕೊಂಡು ನಗುತ್ತ ಹೇಳಿದಳು: "ಅಮ್ಮಾ, ಡಾಕ್ಟ್ರು ಡಬ್ಬ ಬಿಚ್ಚಿದ ವಾರವೇ ಲ್ಯಾಬಿಗೆ ಬಂದು ನನ್ನ ಒಪ್ಪಿಗೆ ಕೇಳಿದ್ರು. ನಾನೇ ಹೇಳಿ ಕಳಿಸಿದೆ, ನಮ್ಮಮ್ಮ ಬೇರೆಯವರು ಹೇಳಿದ್ದನ್ನ ಯಾವತ್ತೂ ಮಾಡಿದವಳಲ್ಲ, ಅವಳಾಗೇ ಕೇಳೋ ತನಕ ನೀವು ಬಾಯಿ ಬಿಡಲೇಬೇಡಿ ಅಂತ." ಅಂದರೆ, ನಾನು ಮಹಾ ಧೈರ್ಯ ಮಾಡಿ ಕೇಳಿದೆನೆಂದು ಬೀಗುತ್ತಿದ್ದಾಗ ಆ ಮನುಷ್ಯ ಥರ್ಮಾಮೀಟರ್ ಹಿಡಿದುಕೊಂಡು ಅದನ್ನೇ ಕಾಯುತ್ತ ಕೂತಿದ್ದರು! ಈ ಕಾಗದವನ್ನು ನಿನ್ನ ಅಮ್ಮನೇ ಅಂಚೆಗೆ ಹಾಕುತ್ತಾಳಂತೆ. ನಾನು ಈಗಲೇ ಕೆಳಗಿಳಿದು ಹೋಗಿ ಅವರ ಜೊತೆ ಚೆನ್ನಾಗಿ ಜಗಳವಾಡಬೇಕು. ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೋಗುತ್ತೇನೆ.