ಎಡಗಡೆಯ ದೀಪ

ಜನವರಿ 27, ಸೋಮವಾರ, ಚಿತ್ರದುರ್ಗ

ಕಾಲೇಜಿನಲ್ಲಿ ಎರಡು ಪ್ರಾಕ್ಟಿಕಲ್. ಹುಡುಗರು ಮತ್ತೊಂದು ಮಲ್ಟಿಮೀಟರ್ ಸುಟ್ಟರು. ಮಧ್ಯಾಹ್ನ ಶಿವಕುಮಾರಪ್ಪನವರ ಫೋನ್ — ಬಸ್ ಮಾಲೀಕರು. ಡ್ರೈವರ್ ತೂಕಡಿಸಿದರೆ ಕೂಗಿಕೊಳ್ಳುವ ನನ್ನ ಕ್ಯಾಮೆರಾವನ್ನು ನಂಬಿ ಒಂದು ಬಸ್ಸಿಗೆ ಹಾಕಿಸಿಕೊಂಡ ಪುಣ್ಯಾತ್ಮರು.

"ಭಾರೀ ಮಿಷಿನ್ ಕಣಮ್ಮ ಶಿವಗಂಗಾ! ಗೊಲ್ಲಪ್ಪ ಒಂದೇ ಬೆಳಗ್ಗೆ ಮೂವತ್ತೊಂದು ಸಲ ಕಣ್ಣು ಮುಚ್ಯಾನೆ. ಇಳಿಸ್ಬಿಟ್ಟೆ ಅವನ್ನ."

ಇಪ್ಪತ್ತೆರಡು ವರ್ಷ ಬಸ್ ಓಡಿಸಿದ ಮನುಷ್ಯ. ಲಾಗ್ ತೆಗೆದು ನೋಡಿದೆ. ಮೂವತ್ತೊಂದೂ ಹಿರಿಯೂರು ದಾಟಿದ ಮೇಲೆ, ಧರ್ಮಪುರದ ದಾರಿಯಲ್ಲಿ, ಏಳೂಕಾಲರಿಂದ ಎಂಟರೊಳಗೆ. ಬಸ್ಸು ಪೂರ್ವಕ್ಕೆ ಹೋಗುತ್ತಿತ್ತು. ಸೂರ್ಯ ನೇರ ಮುಖಕ್ಕೆ...

ಅಯ್ಯೋ. ಆ ಮನುಷ್ಯ ನಿದ್ದೆ ಮಾಡಿಲ್ಲ.

ಜನವರಿ 28, ಮಂಗಳವಾರ

ತಪ್ಪು ಸಿಕ್ಕಿತು. ನನ್ನದೇ. ಬಿಸಿಲು ಹೊಡೆದರೆ ಚಿತ್ರ ಬೆಳ್ಳಗಾಗುತ್ತದೆ, ಕಣ್ಣಿನ ಪಾಪೆ ಸಿಗುವುದಿಲ್ಲ. 'ಪಾಪೆ ಸಿಗದಿದ್ದರೆ ಕಣ್ಣು ಮುಚ್ಚಿದೆ' ಅಂತ ಪ್ರೋಗ್ರಾಮಿನಲ್ಲಿ ಬರೆದವಳು ನಾನು. ಸೋಮಾರಿತನ, ಇನ್ನೇನು! ಅದಕ್ಕೆ ಒಬ್ಬರ ಕೆಲಸ ಹೋಯಿತು.

ಮಾಲೀಕರ ಮನೆಗೇ ಹೋಗಿ ಒಪ್ಪಿಕೊಂಡೆ. ಅವರು ಕರಗಲಿಲ್ಲ. "ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ. ಶನಿವಾರದೊಳಗೆ ಕಣ್ಣಿಗೆ ಕಾಣಂಗೆ ತೋರ್ಸು. ಇಲ್ಲಾಂದ್ರೆ ಹೊಸ ಡ್ರೈವರನ್ನೇ ಕಾಯಂ ಮಾಡ್ತೀನಿ."

ನಾಲ್ಕು ದಿನ.

ಜನವರಿ 29, ಬುಧವಾರ

ಲ್ಯಾಬಿನ ಕಿಟಕಿಗೆಲ್ಲ ಕಪ್ಪು ಬಟ್ಟೆ. ಸ್ಟೂಲಿನ ಮುಂದೆ ಎಡಕ್ಕೊಂದು, ಬಲಕ್ಕೊಂದು ಫೋಕಸ್ ಲೈಟು, ಎರಡಕ್ಕೂ ರೆಗ್ಯುಲೇಟರ್. ನಡುವೆ ಮೂಗಿನ ನೇರಕ್ಕೆ ಒಂದು ರಟ್ಟು, ಒಂದು ಲೈಟು ಒಂದೇ ಕಣ್ಣಿಗೆ ಬೀಳುವ ಹಾಗೆ. ಬೇಕೆಂದಾಗ ಬೇಕಾದಷ್ಟು ಬಿಸಿಲು. ಗೊಲ್ಲಪ್ಪಣ್ಣ ತಾನಾಗಿಯೇ ಬಂದ. ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡಿದ್ದ. ನೋಡಲಾಗಲಿಲ್ಲ ನನಗೆ.

"ನಾ ಮಲಗಿದ್ನೇನ್ರಿ ಮೇಡಂ?"

"ಇಲ್ಲ ಗೊಲ್ಲಪ್ಪಣ್ಣ. ನಾನು ಮಲಗಿದ್ದೆ."

ಲೈಟು ಪೂರ್ತಿ ಏರಿಸಿದೆ. ಕಣ್ಣು ಅರಳಿಸಿಕೊಂಡು ಕೂತಿದ್ದಾನೆ, ಮಿಷಿನ್ ಮಾತ್ರ ಕುಂಯ್ ಕುಂಯ್ ಅನ್ನುತ್ತಿದೆ. ಅವನೇ ನಕ್ಕ. "ನೋಡ್ರಿ, ಎದ್ದಿರೋನ್ನೇ ಎಬ್ಬುಸ್ತೈತೆ."

ಯಶೋದಾಳನ್ನೂ — ನಮ್ಮ ಅಟೆಂಡರ್ — ಕೂರಿಸಿದೆ, ನಾನೂ ಕೂತೆ. ಮೂವರದೂ ಅದೇ ಹಣೆಬರಹ.

ಜನವರಿ 31, ಶುಕ್ರವಾರ, ಸಂಜೆ

ಆಯಿತು!! ಕ್ಯಾಮೆರಾ ಪಕ್ಕ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ. ಒಂದು ಚಿತ್ರ ಆ ದೀಪ ಹಚ್ಚಿ, ಮರುಕ್ಷಣ ಇನ್ನೊಂದು ಆರಿಸಿ. ಒಂದರಿಂದ ಇನ್ನೊಂದು ಕಳೆಯುವುದು. ಬಿಸಿಲು ಎರಡರಲ್ಲೂ ಇರುವುದರಿಂದ ವಜಾ ಆಗಿಹೋಗುತ್ತದೆ, ಉಳಿಯುವುದು ನಮ್ಮ ದೀಪದ ಬೆಳಕಷ್ಟೇ. ಅದರಲ್ಲಿ ಪಾಪೆ ಕಪ್ಪು ಮಣಿಯಂತೆ ಸ್ಪಷ್ಟ. ಮೂವರೂ ಮತ್ತೆ ಸ್ಟೂಲಿನ ಮೇಲೆ ಕೂತೆವು; ಸಾವಿರಕ್ಕೆ ಒಂಬೈನೂರ ಎಂಬತ್ತೆಂಟು ಸಲ ಸಿಕ್ಕಿತು. ಎಡ ಲೈಟು, ಬಲ ಲೈಟು, ಬದಲಿಸಿ ಬದಲಿಸಿ ಹಾಕಿದೆ — ಜಗ್ಗಲಿಲ್ಲ.

ಕುಣಿದೆ. ಯಶೋದಾ ಬಾಗಿಲಲ್ಲಿ ನಿಂತು ನೋಡಿದಳು. ನೋಡಲಿ.

ಫೆಬ್ರವರಿ 1, ಶನಿವಾರ

ಮಾಲೀಕರು ಬಂದರು, ನೋಡಿದರು. ತಾವೇ ಸ್ಟೂಲಿನ ಮೇಲೆ ಕೂತರು. 'ದೋಷ ಯಂತ್ರದ್ದು, ಚಾಲಕರು ಎಚ್ಚರವಾಗಿದ್ದರು' ಎಂದು ಬರೆದು ಸಹಿ ಹಾಕಿ ಕೊಟ್ಟೆ. ಸೋಮವಾರದಿಂದ ಗೊಲ್ಲಪ್ಪಣ್ಣ ಮತ್ತೆ ಡ್ಯೂಟಿಗೆ. ಸಂಜೆ ಒಂದು ಚೀಲ ಶೇಂಗಾ ತಂದಿಟ್ಟು ಹೋದ. ಒಂದು ವಾರದ ಮೇಲೆ ಹೊಟ್ಟೆ ತುಂಬ ಉಂಡೆ.

ಫೆಬ್ರವರಿ 2, ಭಾನುವಾರ, ಮಧ್ಯಾಹ್ನ

ರಿಪೋರ್ಟಿಗೆ ಗ್ರಾಫ್ ಹಾಕುತ್ತಿದ್ದೆ. ಪಾಪೆಯ ಅಳತೆಯ ಗ್ರಾಫ್. ಬೆಳಕು ಒಂದೇ ಕಣ್ಣಿಗೆ ಬಿದ್ದರೂ ಎರಡೂ ಪಾಪೆ ಕುಗ್ಗಬೇಕು. ಗೊಲ್ಲಪ್ಪಣ್ಣನದು ಬಲ ಲೈಟಿಗೆ ಎರಡೂ ಕಣ್ಣಲ್ಲಿ ಕುಗ್ಗಿದೆ. ಅದನ್ನು ಆರಿಸಿ ಎಡ ಲೈಟು ಹಾಕಿದರೆ — ಎರಡೂ ಹಿಗ್ಗಿವೆ. ಕತ್ತಲಲ್ಲಿ ಕೂತವರ ಹಾಗೆ.

ವೈರು ಅದಲುಬದಲಾಗಿರಬೇಕು ಅಂದುಕೊಂಡೆ. ನನ್ನ ಫೈಲ್ ತೆಗೆದೆ, ಯಶೋದಾಳದು ತೆಗೆದೆ. ಎರಡು ಲೈಟಿಗೂ ಕುಗ್ಗಿವೆ. ವೈರು ಸರಿಯಾಗಿದೆ.

ದೀಪಾಗೆ ಕಳಿಸಿದೆ. ಕಣ್ಣಿನ ಡಾಕ್ಟರ್, ನನ್ನ ಕ್ಲಾಸ್‌ಮೇಟ್. ಐದು ನಿಮಿಷಕ್ಕೆ ಫೋನ್.

"ಎಡಗಣ್ಣಿನ ನರಾನೇ ಹೋದಂಗೈತೆ ಕಣೇ. ಬೆಳಕು ಒಳಗೆ ಮುಟ್ತಾನೇ ಇಲ್ಲ. ನಾಳೇನೇ ಕರ್ಕಂಬಾ. ಯಾರಿವನು?"

"ಬಸ್ ಡ್ರೈವರ್."

"ಏನಂದೆ?"

ಸಂಜೆ 5

ಗೊಲ್ಲಪ್ಪಣ್ಣನಿಗೆ ಫೋನ್ ಮಾಡಿದೆ. ಎಡಗಣ್ಣಿನ ವಿಷಯ ಕೇಳಿದೆ.

"ಮೂರು ವರ್ಷ ಆತ್ರಿ ಮೇಡಂ. ಎಡಗಡೆ ದಾಸಣ್ಣ ನೋಡ್ತಾನೆ."

ದಾಸಣ್ಣ ಅವನ ಕಂಡಕ್ಟರ್. ಮೂರು ವರ್ಷದಿಂದ ಮುಂದಿನ ಫುಟ್‌ಬೋರ್ಡ್ ಬಿಟ್ಟಿಲ್ಲವಂತೆ. ಟಿಕೆಟ್ ಎಲ್ಲ ಊರು ದಾಟುವ ಮೊದಲೇ ಹರಿದು ಮುಗಿಸಿ ಬಂದು ನಿಲ್ಲುತ್ತಾನಂತೆ. 'ಬೈಕ್ ಐತೆ, ತಡಿ.' 'ಕುರಿ ಅವೆ.' 'ಹೋಗಾಣ.'

"ಇಬ್ರೂ ಸೇರಿ ಒಬ್ಬ ಡ್ರೈವರ್ ಕಣ್ರಿ. ಯಾರಿಗೂ ಹೇಳ್ಬ್ಯಾಡ್ರಿ."

ಮಾಲೀಕರ ನಂಬರ್ ನಾಲ್ಕು ಸಲ ತೆಗೆದೆ. ಒತ್ತಲಿಲ್ಲ. ಮೊನ್ನೆ ಕುಣಿದದ್ದು ನೆನಪಾಗಿ ನನ್ನ ಮೇಲೇ ಅಸಹ್ಯ. ನಾಳೆ ಬೆಳಗ್ಗೆ ಗೊಲ್ಲಪ್ಪಣ್ಣನಿಗೇ ಎದುರಿಗೆ ಹೇಳುತ್ತೇನೆ, ತಾನಾಗಿ ಇಳಿಯಲಿ. ಮರ್ಯಾದೆಯಾದರೂ ಉಳಿಯುತ್ತದೆ.

ಫೆಬ್ರವರಿ 3, ಸೋಮವಾರ, ಬೆಳಗ್ಗೆ 5.50, ದುರ್ಗದ ಸ್ಟ್ಯಾಂಡ್

ದಾಸಣ್ಣ ಇಲ್ಲ! ಮನೆಯವರ ಜೊತೆ ಹಾಲುರಾಮೇಶ್ವರ ದೇವಸ್ಥಾನಕ್ಕೆ ಹೋಗಿದ್ದಾನೆ. ಬದಲಿ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ನಿಂತು ಜನ ಹತ್ತಿಸುತ್ತಿದ್ದಾನೆ.

"ಇವತ್ತು ಬೇಡ ಗೊಲ್ಲಪ್ಪಣ್ಣ."

"ಇದೊಂದಿನ ಮೇಡಂ. ವಾಪಸ್ ಕರೆದ ಮೊದಲ್ನೇ ದಿನಾನೇ ಇಳುದ್ರೆ ಮತ್ತೆ ಕರೀತಾರಾ? ನಿಧಾನಕ್ಕೆ ಹೋಗ್ತೀನಿ."

ಸ್ಟಾರ್ಟ್ ಮಾಡಿಬಿಟ್ಟ. ಬಸ್ಸು ತುಂಬಿದೆ. ಹತ್ತಿದೆ. ಎಡಗಡೆ ಮೊದಲ ಸೀಟಿನವರನ್ನು ಎಬ್ಬಿಸಿ ಕೂತೆ.

7.05, ಹಿರಿಯೂರು

ಅಕ್ಷರ ಸೊಟ್ಟ.

ನಾನೇ ಕೂಗಿದೆ. 'ಎಡಗಡೆ ಬೈಕ್.' 'ಎಡಗಡೆ ಟ್ರ್ಯಾಕ್ಟರ್.' ಮೂರು ಸಲ ಆದ ಮೇಲೆ ಅವನೇ "ಎಡಕ್ಕೆ?" ಅಂತ ಕೇಳತೊಡಗಿದ. ಉತ್ತರ ಕೊಡುತ್ತಾ ಬಂದೆ. ಎಷ್ಟು ಸಲೀಸಾಗಿ ಒಗ್ಗಿಹೋಯಿತು! ಯಾರದೋ ಬ್ಯಾಗು ಕಾಲಿನ ಮೇಲೆ ಬಿತ್ತು, ಬಗ್ಗಿ ಎತ್ತಿಟ್ಟೆ. ಅಷ್ಟೇ. ತಲೆ ಎತ್ತಿದರೆ ಬಂಪರಿನ ಮೂಲೆಯಲ್ಲಿ ಸೈಕಲ್, ಯೂನಿಫಾರ್ಮ್ ಹಾಕಿದ ಹುಡುಗಿ. ಕಿರುಚಿದೆ. ಬ್ರೇಕ್. ಇಡೀ ಬಸ್ಸು ಮುಂದಕ್ಕೆ ಬಿತ್ತು. ಒಂದು ಗೇಣು ಇತ್ತು, ಅಷ್ಟೇ. ಹುಡುಗಿ ತಿರುಗಿಯೂ ನೋಡದೆ ತುಳಿದುಕೊಂಡು ಹೋದಳು. ಬಸ್ಸಿನವರು ಅವಳನ್ನೇ ಬೈದರು.

ಗೊಲ್ಲಪ್ಪಣ್ಣ ಅವಳನ್ನು ನೋಡೇ ಇರಲಿಲ್ಲ. ಬ್ರೇಕ್ ಹಾಕಿದ್ದು ನನ್ನ ದನಿಗೆ.

ಟೀಗೆ ಹದಿನೈದು ನಿಮಿಷ. ಅವನು ಇಳಿದ ತಕ್ಷಣ ಕೀ ಕಿತ್ತುಕೊಂಡೆ. ಮುಷ್ಟಿಯಲ್ಲಿದೆ. ಮುಂದೆ ಧರ್ಮಪುರದ ದಾರಿ, ಎದುರು ಬಿಸಿಲು.

ಬರುತ್ತಿದ್ದಾನೆ. ಕೈಯಲ್ಲಿ ಎರಡು ಲೋಟ, ಒಂದು ನನಗೆ. ಹೇಳಬೇಕಾದ್ದನ್ನು ಮೊದಲು ಇಲ್ಲೇ ಬರೆದುಕೊಳ್ಳುತ್ತೇನೆ: ಗೊಲ್ಲಪ್ಪಣ್ಣ, ನಿಮ್ಮನ್ನು ಈ ಸೀಟಿಗೆ ವಾಪಸ್ ಕೂರಿಸಿದವಳು ನಾನು, ಇಳಿಸಬೇಕಾದವಳೂ ನಾನೇ. ಕೀ ಕೊಡುವುದಿಲ್ಲ.